ಹಗ್ಗ ಎಳೆಯುವ ಕೈ, ಸದ್ದು ಕೇಳುವ ಕಿವಿ

ಮೃಗಶಿರಾ ಮಳೆ ಹಿಡಿದು ಆರಿದ್ರಾ ಕಾಲಿಡುವ ಹೊತ್ತಿಗೆ ಮಲೆನಾಡಿನ ಅಡಿಕೆ ತೋಟದಲ್ಲಿ ನೆಲವೇ ಕಾಣುವುದಿಲ್ಲ. ಬೋರ್ಡೋ ದ್ರಾವಣ ಹೊಡೆಯಲು ಬಂದವರಿಗೆ ಮರದ ಬುಡದಲ್ಲಿ ಕಾಲಿಡಲು ಹಾವು ಹುಳದ ಭಯ. ಮುಂದೆ ಕೊಯ್ಲಿನ ಹೊತ್ತಿಗೆ ಉದುರಿದ ಅಡಿಕೆ ಕಣ್ಣಿಗೆ ಬೀಳಬೇಕೆಂದರೆ ಮತ್ತೊಮ್ಮೆ ಹುಲ್ಲು ಹೊಡೆಸಲೇಬೇಕು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲೂ, ಸುಳ್ಯ ಕಡೆಯ ರಬ್ಬರ್ ತೋಟಗಳಲ್ಲೂ ಇದೇ ಪಾಡು. ಕತ್ತಿ ಹಿಡಿದು ಸಾಲಾಗಿ ಸವರುತ್ತ ಹೋಗುವ ಆಳುಗಳು ಬೇಕೆಂದಾಗ ಸಿಗುತ್ತಿದ್ದ ಕಾಲ ಹೋಯಿತು. ಆ ಜಾಗಕ್ಕೆ ಹೆಗಲಿಗೆ ಪಟ್ಟಿ ಹಾಕಿ ನೇತುಹಾಕಿಕೊಳ್ಳುವ ವೀಡ್ ಕಟರ್ ಬಂದಿದೆ. ಉದ್ದನೆಯ ಕೊಳವೆ, ಒಂದು ತುದಿಯಲ್ಲಿ ಪುಟ್ಟ ಎಂಜಿನ್, ಇನ್ನೊಂದು ತುದಿಯಲ್ಲಿ ಗಿರಗಿರನೆ ತಿರುಗುವ ನೈಲಾನ್ ದಾರ ಇಲ್ಲವೇ ಬ್ಲೇಡು.

ಇದರಿಂದ ಹುಲ್ಲು ಹೊಡೆಯುವ ಮಾತು ಇನ್ನೊಂದು ದಿನಕ್ಕಿರಲಿ. ಇವತ್ತು ಅದನ್ನು ಶುರು ಮಾಡುವ ಬಗ್ಗೆ ಮಾತ್ರ ಹೇಳುತ್ತೇನೆ. ಇಷ್ಟು ಸಣ್ಣ ವಿಷಯಕ್ಕೆ ಒಂದು ಭಾಷಣವೇ ಎಂದು ಕೇಳಬೇಡಿ. ಮಳೆಗಾಲ ಶುರುವಾದ ವಾರ ಯಾವುದೇ ಪೇಟೆಯ ಮೆಕ್ಯಾನಿಕ್ ಅಂಗಡಿಯ ಮುಂದೆ ನಿಂತು ನೋಡಿ. ಗೋಡೆಗೆ ಸಾಲಾಗಿ ಒರಗಿಸಿಟ್ಟ ಯಂತ್ರಗಳು, ಎಲ್ಲರ ಬಾಯಲ್ಲೂ ಒಂದೇ ದೂರು: ‘ಎಷ್ಟು ಎಳೆದರೂ ಸ್ಟಾರ್ಟ್ ಆಗೋದಿಲ್ಲ.’ ದೂರಿನ ಉತ್ತರ ಆ ಮಾತಿನಲ್ಲೇ ಇದೆ. ಎಷ್ಟೋ ಸಲ ಯಂತ್ರ ಕೆಟ್ಟಿರುವುದಿಲ್ಲ. ಎಳೆದದ್ದು ಹೆಚ್ಚಾಗಿರುತ್ತದೆ, ಕೇಳಿಸಿಕೊಂಡದ್ದು ಕಡಿಮೆಯಾಗಿರುತ್ತದೆ.

ಹಗ್ಗ ಎಳೆದಾಗ ಒಳಗೆ ಏನಾಗುತ್ತದೆ? ಈ ಎಂಜಿನ್‌ಗೆ ಬೈಕಿನ ಹಾಗೆ ಬ್ಯಾಟರಿ ಇಲ್ಲ. ಫ್ಲೈವೀಲ್ ಎಂಬ ಚಕ್ರದ ಅಂಚಿನಲ್ಲಿ ಒಂದು ಆಯಸ್ಕಾಂತ ಕೂತಿದೆ. ಹಗ್ಗ ಎಳೆದಾಗ ಚಕ್ರ ತಿರುಗಿ, ಆ ಆಯಸ್ಕಾಂತ ಪಕ್ಕದ ಕಾಯಿಲ್‌ನ ಎದುರು ಹಾದುಹೋಗುತ್ತದೆ. ಆ ಕ್ಷಣಕ್ಕೆ ಹುಟ್ಟುವ ವಿದ್ಯುತ್ತು ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗುತ್ತದೆ. ಚಕ್ರ ನಿಧಾನವಾಗಿ ತಿರುಗಿದರೆ ಕಿಡಿಯೇ ಇಲ್ಲ. ಆದ್ದರಿಂದ ಮೆಲ್ಲಗೆ ಎಳೆದರೆ ದಿನವಿಡೀ ಎಳೆದರೂ ವ್ಯರ್ಥ. ಹಾಗೆಂದು ಮೈಮೇಲೆ ಬಂದವರಂತೆ ಜಗ್ಗಬೇಕಾಗಿಯೂ ಇಲ್ಲ. ಮೊದಲು ಹಗ್ಗವನ್ನು ನಿಧಾನವಾಗಿ ಎಳೆಯಿರಿ. ಒಂದು ಕಡೆ ಬಿಗಿ ಹಿಡಿದಂತೆ ಕೈಗೆ ಗೊತ್ತಾಗುತ್ತದೆ. ಪಿಸ್ಟನ್ ಗಾಳಿಯನ್ನು ಒತ್ತಲು ಶುರು ಮಾಡಿದ ಜಾಗ ಅದು. ಅಲ್ಲಿಂದ ಒಂದೇ ಉಸಿರಿಗೆ, ಚುರುಕಾಗಿ, ನೇರವಾಗಿ ಎಳೆಯಬೇಕು. ಹಗ್ಗದ ಕೊನೆ ಮುಟ್ಟುವವರೆಗೆ ಎಳೆಯಬಾರದು, ಎಳೆದ ಮೇಲೆ ಹಿಡಿಯನ್ನು ಪಟ್ಟನೆ ಬಿಟ್ಟುಬಿಡಲೂಬಾರದು. ಕೈಯಲ್ಲೇ ಹಿಡಿದು ಸುತ್ತಿಕೊಳ್ಳಲು ಬಿಡಿ. ಹಗ್ಗ ತುಂಡಾಗುವುದು, ಒಳಗಿನ ಸ್ಪ್ರಿಂಗ್ ಮುರಿಯುವುದು ಈ ಎರಡು ಅವಸರಗಳಿಂದ.

ಈಗ ಬೆಳಗಿನ ಮೊದಲ ಸ್ಟಾರ್ಟ್ ಅನ್ನು ಕ್ರಮವಾಗಿ ನೋಡೋಣ.

ಯಂತ್ರವನ್ನು ಸಮತಟ್ಟಾದ ನೆಲದ ಮೇಲೆ ಮಲಗಿಸಿ. ಪೆಟ್ರೋಲ್ ತುಂಬಿಸಿದ ಜಾಗದಲ್ಲೇ ಸ್ಟಾರ್ಟ್ ಮಾಡಬೇಡಿ, ನಾಲ್ಕು ಹೆಜ್ಜೆ ಆಚೆ ಹೋಗಿ. ದಾರದ ತಲೆಯಾಗಲಿ ಬ್ಲೇಡಾಗಲಿ ನೆಲಕ್ಕೆ, ಕಲ್ಲಿಗೆ, ಬಳ್ಳಿಗೆ ತಾಗದಂತೆ ಇರಲಿ. ಸ್ವಿಚ್ ಆನ್ ಇದೆಯೇ ನೋಡಿ. ಈ ಒಂದು ಸ್ವಿಚ್ ಮರೆತು ಮೆಕ್ಯಾನಿಕ್ ಹತ್ತಿರ ಬರುವವರೂ ಉಂಟು. ಕಾರ್ಬೊರೇಟರ್ ಕೆಳಗೆ ಗುಳ್ಳೆಯಂಥ ರಬ್ಬರ್ ಬುರುಡೆ ಇರುತ್ತದೆ, ಪ್ರೈಮರ್ ಎನ್ನುತ್ತಾರೆ. ಅದರೊಳಗೆ ಪೆಟ್ರೋಲ್ ತುಂಬಿ ಕಾಣುವವರೆಗೆ ಒತ್ತಿ. ಐದೋ, ಏಳೋ, ಹತ್ತೋ ಸಲ ಬೇಕಾಗಬಹುದು. ‘ಹೆಚ್ಚು ಒತ್ತಿದರೆ ಓವರ್‌ಫ್ಲೋ ಆಗುತ್ತದೆ’ ಎಂದು ಹಲವರು ಹೆದರುತ್ತಾರೆ. ಈಗಿನ ಬಹುಪಾಲು ಯಂತ್ರಗಳಲ್ಲಿ ಈ ಬುರುಡೆ ಪೆಟ್ರೋಲನ್ನು ಎಂಜಿನ್ನಿನೊಳಗೆ ತಳ್ಳುವುದಿಲ್ಲ. ಟ್ಯಾಂಕಿನಿಂದ ಕಾರ್ಬೊರೇಟರ್‌ಗೆ ಎಳೆದು, ಹೆಚ್ಚಾದದ್ದನ್ನು ಇನ್ನೊಂದು ಪೈಪಿನಲ್ಲಿ ಟ್ಯಾಂಕಿಗೇ ಹಿಂದಕ್ಕೆ ಕಳಿಸುತ್ತದೆ. ಅದು ಗಾಳಿ ತೆಗೆಯುವ ಪಂಪು ಅಷ್ಟೆ.

ಓವರ್‌ಫ್ಲೋ ಮಾಡುವುದು ಚೋಕ್. ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೆ ಚೋಕ್ ಮುಚ್ಚಿ ಗಾಳಿ ಕಡಿಮೆ ಮಾಡುತ್ತೇವೆ, ಆಗ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ. ಚೋಕ್ ಮುಚ್ಚಿ, ಎಡಗೈಯಿಂದ ಎಂಜಿನ್ನನ್ನು ನೆಲಕ್ಕೆ ಒತ್ತಿ ಹಿಡಿದು, ಬಲಗೈಯಿಂದ ಎಳೆಯಿರಿ. ಕೊಳವೆಯ ಮೇಲೆ ಕಾಲೂರಿ ನಿಲ್ಲಬೇಡಿ. ಅದು ಬಾಗಿದರೆ ಒಳಗೆ ತಿರುಗುವ ಶಾಫ್ಟ್ ಹಾಳಾಗುತ್ತದೆ.

ಇನ್ನು ಕಿವಿಗೆ ಕೆಲಸ. ಎರಡನೆಯದೋ ಮೂರನೆಯದೋ ಎಳೆತಕ್ಕೆ ಎಂಜಿನ್ ಒಮ್ಮೆ ‘ಬುರ್’ ಎಂದು ತಕ್ಷಣ ಆರಿಹೋಗುತ್ತದೆ. ಅರ್ಧ ಸೆಕೆಂಡಿನ ಸದ್ದು. ಇಡೀ ಕಲೆ ಇರುವುದು ಆ ಅರ್ಧ ಸೆಕೆಂಡಿನಲ್ಲಿ. ಆ ಸದ್ದು ಕೇಳಿದ ಕೂಡಲೇ ಚೋಕ್ ತೆರೆಯಬೇಕು. ಅರ್ಧದ ಗುರುತು ಇರುವ ಯಂತ್ರವಾದರೆ ಅರ್ಧಕ್ಕೆ ತರಬೇಕು. ಆಮೇಲೆ ಒಂದೆರಡು ಎಳೆತಕ್ಕೆ ಎಂಜಿನ್ ಹಿಡಿದುಕೊಳ್ಳುತ್ತದೆ. ‘ಅಯ್ಯೋ, ಸ್ಟಾರ್ಟ್ ಆಗಿ ಆಫ್ ಆಯಿತಲ್ಲ’ ಎಂದು ಚೋಕ್ ಮುಚ್ಚಿದ್ದಂತೆಯೇ ಮತ್ತೆ ಮತ್ತೆ ಎಳೆದರೆ, ಪ್ರತಿ ಎಳೆತಕ್ಕೂ ಇನ್ನಷ್ಟು ಪೆಟ್ರೋಲ್ ಒಳಗೆ ಹೋಗಿ ಪ್ಲಗ್ ಒದ್ದೆಯಾಗುತ್ತದೆ. ಒದ್ದೆ ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ. ಅಲ್ಲಿಂದ ಮುಂದೆ ಎಷ್ಟು ಎಳೆದರೂ ತೋಳು ನೋವು ಮಾತ್ರ.

ಹಿಡಿದುಕೊಂಡ ಮೇಲೆ ಆಕ್ಸಿಲರೇಟರ್ ಒಮ್ಮೆ ಒತ್ತಿ ಬಿಡಿ. ಅನೇಕ ಯಂತ್ರಗಳಲ್ಲಿ ಸ್ಟಾರ್ಟ್ ಮಾಡುವಾಗ ಆಕ್ಸಿಲರೇಟರ್ ಅರ್ಧಕ್ಕೆ ಸಿಕ್ಕಿಸಿದ ಸ್ಥಿತಿಯಲ್ಲಿರುತ್ತದೆ. ಹಾಗಿರುವುದರಿಂದಲೇ ಎಂಜಿನ್ ಹಿಡಿದ ಕ್ಷಣಕ್ಕೆ ದಾರದ ತಲೆಯೂ ತಿರುಗಲು ತೊಡಗುತ್ತದೆ. ನೆಲಕ್ಕೆ ತಾಗದಂತೆ ಇಡಿ ಎಂದು ಆಗಲೇ ಹೇಳಿದ್ದು ಇದಕ್ಕೇ. ಒಮ್ಮೆ ಒತ್ತಿ ಬಿಟ್ಟರೆ ಆ ಸಿಕ್ಕು ಬಿಡುತ್ತದೆ, ಎಂಜಿನ್ ನಿಮಿಷಕ್ಕೆ ಸುಮಾರು 3,000 ಸುತ್ತಿನ ಐಡ್ಲಿಂಗ್‌ಗೆ ಇಳಿಯುತ್ತದೆ. ಆಗ ತಲೆ ನಿಲ್ಲಬೇಕು. ಒಳಗೊಂದು ಕ್ಲಚ್ ಇದೆ, ಎಂಜಿನ್ ವೇಗ ಹೆಚ್ಚಿದಾಗ ಮಾತ್ರ ಅದು ಅಗಲವಾಗಿ ಶಾಫ್ಟನ್ನು ಹಿಡಿಯುತ್ತದೆ. ಐಡ್ಲಿಂಗ್‌ನಲ್ಲೂ ತಲೆ ತಿರುಗುತ್ತಲೇ ಇದ್ದರೆ ಆ ಯಂತ್ರವನ್ನು ಹೆಗಲಿಗೆ ಹಾಕಬೇಡಿ. ಐಡ್ಲಿಂಗ್ ಸ್ಕ್ರೂ ಸರಿಮಾಡಿಸಿ, ಅದಕ್ಕೂ ಬಗ್ಗದಿದ್ದರೆ ಕ್ಲಚ್ ತೋರಿಸಿ. ಎಲ್ಲ ಸರಿ ಇದ್ದರೆ ಅರ್ಧ ನಿಮಿಷ, ಒಂದು ನಿಮಿಷ ಬಿಸಿಯಾಗಲು ಬಿಟ್ಟು ಕೆಲಸಕ್ಕೆ ಹೊರಡಿ.

ಹತ್ತು ಗಂಟೆಯ ಚಹಾ ಆಯಿತು. ಕವಳ ಹಾಕಿ ಎದ್ದದ್ದಾಯಿತು. ಮತ್ತೆ ಸ್ಟಾರ್ಟ್ ಮಾಡಲು ಬೆಳಗಿನ ಅಭ್ಯಾಸದಂತೆ ಕೈ ಚೋಕ್‌ಗೆ ಹೋಗುತ್ತದೆ. ಹೋಗಬಾರದು. ಎಂಜಿನ್ ಇನ್ನೂ ಬಿಸಿ ಇದೆ, ಚೋಕ್ ತೆರೆದಿಟ್ಟೇ ಎಳೆಯಬೇಕು. ಬೆಳಿಗ್ಗೆ ಸರಿಯಿದ್ದ ಯಂತ್ರ ಚಹಾ ಕುಡಿದು ಬಂದ ಮೇಲೆ ಹಟ ಹಿಡಿಯುವುದಕ್ಕೆ ಸಾಮಾನ್ಯ ಕಾರಣವೇ ಇದು.

ಓವರ್‌ಫ್ಲೋ ಆಗಿಯೇಬಿಟ್ಟಿತು ಎನ್ನಿ. ಸೈಲೆನ್ಸರ್ ಹತ್ತಿರ ಹಸಿ ಪೆಟ್ರೋಲ್ ವಾಸನೆ ಬರುತ್ತದೆ. ಚೋಕ್ ಪೂರ್ತಿ ತೆರೆದು, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಕೆಲವು ಸಲ ಎಳೆದು ನೋಡಿ. ಆಗಲಿಲ್ಲವೆಂದರೆ ಸ್ವಿಚ್ ಆಫ್ ಮಾಡಿ ಪ್ಲಗ್ ಬಿಚ್ಚಿ. ಪ್ಲಗ್ಗಿನ ತೂತು ಕೆಳಮುಖವಾಗುವಂತೆ ಎಂಜಿನ್ ವಾಲಿಸಿ ನಾಲ್ಕೈದು ಸಲ ಹಗ್ಗ ಎಳೆದರೆ ನಿಂತಿದ್ದ ಪೆಟ್ರೋಲ್ ಹೊರಬರುತ್ತದೆ. ಪ್ಲಗ್ಗನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಲೈಟರ್ ಹಚ್ಚಿ ಪ್ಲಗ್ ಒಣಗಿಸುವವರನ್ನು ನೀವೂ ನೋಡಿರಬಹುದು. ಪೆಟ್ರೋಲ್ ಚೆಲ್ಲಿದ ಯಂತ್ರದ ಪಕ್ಕದಲ್ಲಿ ಬೆಂಕಿ ಹಚ್ಚುವ ಆ ಸಾಹಸ ಖಂಡಿತ ಬೇಡ.

ಬಿಚ್ಚಿದ ಪ್ಲಗ್ಗನ್ನು ಸುಮ್ಮನೆ ಒರೆಸಿಬಿಡಬೇಡಿ, ಒಮ್ಮೆ ಬೆಳಕಿಗೆ ಹಿಡಿಯಿರಿ. ತುದಿ ಒಣಗಿ ತಿಳಿ ಕಂದು ಬಣ್ಣಕ್ಕಿದ್ದರೆ ಎಂಜಿನ್ ಆರೋಗ್ಯವಾಗಿದೆ. ಕಪ್ಪು ಮಸಿ ಹಿಡಿದಿದ್ದರೆ ಆಯಿಲ್ ಹೆಚ್ಚಾಗಿದೆ, ಇಲ್ಲವೇ ಗಾಳಿಯ ಫಿಲ್ಟರ್ ಕಟ್ಟಿದೆ. ಹತ್ತು ಸಲ ಎಳೆದರೂ ಪ್ಲಗ್ ಒಣಗಿಯೇ ಇದ್ದರೆ ಪೆಟ್ರೋಲ್ ಅಲ್ಲಿಯತನಕ ಬರುತ್ತಲೇ ಇಲ್ಲ, ದೋಷ ಟ್ಯಾಂಕಿನ ಫಿಲ್ಟರ್‌ನಲ್ಲೋ ಕಾರ್ಬೊರೇಟರ್‌ನಲ್ಲೋ ಇದೆ. ಇನ್ನು ಕೆಲವು ಯಂತ್ರಗಳು ಚೆನ್ನಾಗಿಯೇ ಶುರುವಾಗಿ, ಐದು ಹತ್ತು ನಿಮಿಷ ಓಡಿ, ಉಸಿರು ಕಟ್ಟಿದಂತೆ ಕುಗ್ಗುತ್ತ ಕುಗ್ಗುತ್ತ ನಿಲ್ಲುತ್ತವೆ. ಎಂಜಿನ್ ಆರಿದ ಮೇಲೆ ಟ್ಯಾಂಕಿನ ಮುಚ್ಚಳ ಸಡಿಲಿಸಿ ನೋಡಿ. ‘ಸುಯ್’ ಎಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿ ತೂತು ಕಟ್ಟಿದೆ ಎಂದು ಅರ್ಥ. ಖಾಲಿಯಾದ ಜಾಗಕ್ಕೆ ಗಾಳಿ ಬರದೆ ಪೆಟ್ರೋಲ್ ಇಳಿಯುವುದು ನಿಂತಿರುತ್ತದೆ. ಕಾರ್ಬೊರೇಟರ್ ಬಿಚ್ಚಿಸಿ ದುಡ್ಡು ಕೊಡುವ ಮುಂಚೆ ಈ ಮುಚ್ಚಳವನ್ನು ನೋಡಿರಿ.

ಇನ್ನು ಪೆಟ್ರೋಲ್ ವಿಚಾರ. ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ಭಾಗ.

ಪೆಟ್ರೋಲಿನ ಕಳೆ ಯಂತ್ರಗಳಲ್ಲಿ ಎರಡು ಜಾತಿ, ಟೂ ಸ್ಟ್ರೋಕ್ ಮತ್ತು ಫೋರ್ ಸ್ಟ್ರೋಕ್. ಟೂ ಸ್ಟ್ರೋಕ್ ಎಂದರೆ ಹಿರಿಯರಿಗೆ ಜಾವಾ, ಯೆಜ್ಡಿ ನೆನಪಾಗಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಆ ಬೈಕುಗಳಿಗೆ ಬಂಕಿನಲ್ಲಿ ಪೆಟ್ರೋಲ್ ಜೊತೆಗೇ ಆಯಿಲ್ ಹಾಕಿಸುತ್ತಿದ್ದರು. ಅದೇ ನಿಯಮ ಇಲ್ಲಿಯೂ. ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಆಯಿಲ್‌ಗೆಂದು ಬೇರೆ ತೊಟ್ಟಿ ಇಲ್ಲ. ಪೆಟ್ರೋಲ್ ಜೊತೆ ಬಂದ ಆಯಿಲ್ಲೇ ಪಿಸ್ಟನ್, ಬೇರಿಂಗ್‌ಗಳಿಗೆ ಜಿಡ್ಡು ಕೊಡಬೇಕು. ಬರಿ ಪೆಟ್ರೋಲ್ ಹಾಕಿದರೆ ಯಂತ್ರ ಜೋರಾಗಿಯೇ ಓಡುತ್ತದೆ. ಆದರೆ ಸ್ವಲ್ಪ ಹೊತ್ತಿನಲ್ಲೇ ಪಿಸ್ಟನ್ ಕಚ್ಚಿ ಎಂಜಿನ್ ಸೀಜ್ ಆಗುತ್ತದೆ. ಪ್ರಮಾಣ ಎಷ್ಟು ಎಂಬುದು ಯಂತ್ರದ ಕೈಪಿಡಿಯಲ್ಲಿರುತ್ತದೆ. 50ಕ್ಕೆ 1 ಎಂದಿದ್ದರೆ ಲೀಟರಿಗೆ 20 ಮಿಲಿ ಲೀಟರ್, 40ಕ್ಕೆ 1 ಎಂದಿದ್ದರೆ 25, 25ಕ್ಕೆ 1 ಎಂದಿದ್ದರೆ 40 ಮಿಲಿ ಲೀಟರ್. ಬಾಟಲಿ ಮುಚ್ಚಳದ ಅಳತೆ, ಕಣ್ಣಂದಾಜು ಬೇಡ. ಔಷಧಿ ಅಂಗಡಿಯಲ್ಲಿ ಸಿಗುವ ಸಿರಿಂಜ್ ಒಂದನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಆಯಿಲ್ ಬೆರೆಸುವುದನ್ನು ಕ್ಯಾನಿನಲ್ಲಿ ಮಾಡಿ, ಚೆನ್ನಾಗಿ ಕುಲುಕಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ.

ಫೋರ್ ಸ್ಟ್ರೋಕ್‌ಗೆ ಬರಿ ಪೆಟ್ರೋಲ್. ಆಯಿಲ್ ಬೇರೆಯಾಗಿ ಎಂಜಿನ್ನಿನ ಹೊಟ್ಟೆಯಲ್ಲಿರುತ್ತದೆ, 35 ಸಿಸಿಯಂಥ ಸಣ್ಣ ಎಂಜಿನ್ನಿನಲ್ಲಿ ಸುಮಾರು 100 ಮಿಲಿ ಲೀಟರ್ ಅಷ್ಟೆ. ಇಷ್ಟು ಕಡಿಮೆ ಇರುವುದರಿಂದ ಪ್ರತಿದಿನ ಸ್ಟಾರ್ಟ್ ಮಾಡುವ ಮುನ್ನ ಮಟ್ಟ ನೋಡಲೇಬೇಕು. ಹೊಸ ಯಂತ್ರದ ಆಯಿಲನ್ನು ಮೊದಲ 10 ಗಂಟೆಯ ಕೆಲಸಕ್ಕೆ, ಆಮೇಲೆ 50 ಗಂಟೆಗೊಮ್ಮೆ ಬದಲಿಸಬೇಕೆಂದು ಇಂಥ ಎಂಜಿನ್‌ಗಳ ಕೈಪಿಡಿಗಳು ಹೇಳುತ್ತವೆ. ಮನೆಯಲ್ಲಿ ಎರಡೂ ಬಗೆಯ ಯಂತ್ರಗಳಿದ್ದರೆ ಎರಡು ಕ್ಯಾನ್ ಇಟ್ಟು ದೊಡ್ಡ ಅಕ್ಷರದಲ್ಲಿ ಬರೆದಿಡಿ. ಟೂ ಸ್ಟ್ರೋಕ್ ಆಯಿಲ್‌ಗೆ ಸಾಮಾನ್ಯವಾಗಿ ಬಣ್ಣ ಬೆರೆಸಿರುತ್ತಾರೆ. ಬಿಳಿ ಕ್ಯಾನ್ ಆದರೆ ಮಿಶ್ರಣದ ಬಣ್ಣ ಹೊರಗಿನಿಂದಲೇ ತಿಳಿಯುತ್ತದೆ.

ಮಲೆನಾಡಿನಲ್ಲಿ ಇನ್ನೊಂದು ತೊಡಕು ಇತ್ತೀಚೆಗೆ ಸೇರಿಕೊಂಡಿದೆ. ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಎಥನಾಲ್ ಇದೆ. ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಕಬ್ಬು ಬೆಳೆಗಾರರಿಗೆ ಅದರಿಂದ ಅನುಕೂಲ ಇರಬಹುದು, ಆದರೆ ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಅರ್ಧ ಖಾಲಿಯಾದ ಕ್ಯಾನನ್ನು ಮಳೆಗಾಲದಲ್ಲಿ ವಾರಗಟ್ಟಲೆ ಕೊಟ್ಟಿಗೆಯ ಮೂಲೆಯಲ್ಲಿಟ್ಟರೆ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಯಂತ್ರದ ಟ್ಯಾಂಕಿನೊಳಗೆ ಪೆಟ್ರೋಲ್ ಹೀರುವ ಪೈಪಿನ ತುದಿಗೆ ಭಾರದ ಫಿಲ್ಟರ್ ಇರುತ್ತದೆ, ಅದು ಸದಾ ತಳದಲ್ಲೇ ಮಲಗಿರುತ್ತದೆ. ಹೀಗಾಗಿ ಅದು ಮೊದಲು ಹೀರುವುದು ಆ ತಳದ ನೀರನ್ನೇ. ಟೂ ಸ್ಟ್ರೋಕ್ ಆದರೆ ಆ ಪದರದಲ್ಲಿ ಆಯಿಲ್ ಕೂಡ ಇರುವುದಿಲ್ಲ. ಜೊತೆಗೆ ಕಾರ್ಬೊರೇಟರ್‌ನ ತೆಳ್ಳಗಿನ ರಬ್ಬರ್ ಪೊರೆ ಹಳೆಯ ಪೆಟ್ರೋಲಿನಲ್ಲಿ ಬಿರುಸಾಗಿ ಹೋಗುತ್ತದೆ. ಶೇಕಡಾ 10ಕ್ಕಿಂತ ಹೆಚ್ಚು ಎಥನಾಲ್ ಬೇಡ ಎಂದು ಹಲವು ಯಂತ್ರಗಳ ಕೈಪಿಡಿಯಲ್ಲೇ ಬರೆದಿದೆ, ಕೊಳ್ಳುವಾಗ ಇದನ್ನು ಕೇಳಿ ತಿಳಿದುಕೊಳ್ಳಿ.

ಬಂಕನ್ನು ಬದಲಿಸಲು ನಮಗಾಗದು, ಅಭ್ಯಾಸವನ್ನು ಬದಲಿಸಬಹುದು. ಒಂದೆರಡು ವಾರಕ್ಕೆ ಬೇಕಾದಷ್ಟೇ ಪೆಟ್ರೋಲ್ ತನ್ನಿ. ಕ್ಯಾನಿನ ಮುಚ್ಚಳ ಬಿಗಿಯಾಗಿರಲಿ. ತಿಂಗಳು ದಾಟಿದ ಪೆಟ್ರೋಲನ್ನು ಈ ಸಣ್ಣ ಎಂಜಿನ್‌ಗೆ ಹಾಕಬೇಡಿ. ಹಂಗಾಮು ಮುಗಿದ ದಿನ ಟ್ಯಾಂಕ್ ಖಾಲಿ ಮಾಡಿ, ಕಾರ್ಬೊರೇಟರ್‌ನಲ್ಲಿ ಉಳಿದದ್ದು ಮುಗಿದು ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಒಳಗಿಡಿ. ಜೂನ್‌ನಲ್ಲಿ ಸ್ಟಾರ್ಟ್ ಆಗುವ ಯಂತ್ರವನ್ನು ಡಿಸೆಂಬರ್‌ನಲ್ಲೇ ಸಿದ್ಧ ಮಾಡಿರಬೇಕು.

ಈ ದಾರದ ಯಂತ್ರದ ಹುಟ್ಟಿನ ಬಗ್ಗೆಯೂ ಎರಡು ಮಾತು. 1971ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ ಜಾರ್ಜ್ ಬಲ್ಲಾಸ್ ಎಂಬುವರು ಕಾರು ತೊಳೆಯುವ ಯಂತ್ರದ ನೈಲಾನ್ ಬ್ರಷ್‌ಗಳು ಗಿರ್ರನೆ ತಿರುಗುವುದನ್ನು ನೋಡಿದರು. ಬ್ರಷ್ ಕಾರಿನ ಬಣ್ಣ ಕೀಳದೆ ಕೊಳೆ ತೆಗೆಯುತ್ತಿತ್ತು. ಮರದ ಬುಡದ ಹುಲ್ಲನ್ನೂ ತೊಗಟೆಗೆ ಪೆಟ್ಟಾಗದಂತೆ ಹೀಗೆಯೇ ತೆಗೆಯಬಹುದಲ್ಲ ಎಂದುಕೊಂಡು, ಒಂದು ತಗಡಿನ ಡಬ್ಬಿಗೆ ಮೀನು ಹಿಡಿಯುವ ನೈಲಾನ್ ದಾರ ಪೋಣಿಸಿ ತಿರುಗಿಸಿದರು. ಆ ಮನುಷ್ಯ ಎಂಜಿನಿಯರ್ ಅಲ್ಲ, ನೃತ್ಯಶಾಲೆ ನಡೆಸುತ್ತಿದ್ದವರು. ಅವರ ‘ವೀಡ್ ಈಟರ್’ ಕಂಪನಿಯನ್ನು 1977ರಲ್ಲಿ ಎಮರ್ಸನ್ ಎಲೆಕ್ಟ್ರಿಕ್ ಕೊಂಡುಕೊಂಡಿತು. ಒಂದು ಎಚ್ಚರಿಕೆ: ನೈಲಾನ್ ದಾರ ದೊಡ್ಡ ಮರಕ್ಕೆ ಮೃದುವಾದರೂ ಎಳೆಯ ಅಡಿಕೆ ಸಸಿಯ, ಬಾಳೆಯ ಬುಡವನ್ನು ಸುಲಿದುಬಿಡುತ್ತದೆ. ದಾರ ಬೇಗ ಸವೆಯುತ್ತದೆಂದು ಅದರ ಬದಲು ಕಬ್ಬಿಣದ ತಂತಿ ಕಟ್ಟುವುದಂತೂ ಕೂಡದು. ತುಂಡಾದ ತಂತಿ ಗುಂಡಿನಂತೆ ಹಾರುತ್ತದೆ.

ಈಗ ವಿದ್ಯುತ್ತಿನ ಯಂತ್ರಕ್ಕೆ ಬರೋಣ. ಇಲ್ಲಿ ಹಗ್ಗ ಇಲ್ಲ, ಚೋಕ್ ಇಲ್ಲ, ಹೊಗೆ ಇಲ್ಲ. ಬ್ಯಾಟರಿ ‘ಟಕ್’ ಎಂದು ಕೂರುವವರೆಗೆ ತಳ್ಳಿ, ಲಾಕ್ ಗುಂಡಿ ಒತ್ತಿ ಹಿಡಿದು ಟ್ರಿಗರ್ ಒತ್ತಿದರೆ ತಲೆ ತಿರುಗುತ್ತದೆ. ಇಷ್ಟು ಸುಲಭ ಎಂಬುದೇ ಅಪಾಯ. ಪೆಟ್ರೋಲ್ ಯಂತ್ರ ಸದ್ದು ಮಾಡಿ ಎಚ್ಚರಿಸುತ್ತದೆ, ಇದು ಮೌನವಾಗಿದ್ದು ಬೆರಳು ತಾಗಿದ ಕ್ಷಣ ತಿರುಗುತ್ತದೆ. ಆದ್ದರಿಂದ ದಾರ ಬದಲಿಸುವಾಗ, ಸುತ್ತಿಕೊಂಡ ಹುಲ್ಲು ಬಿಡಿಸುವಾಗ ಬ್ಯಾಟರಿ ತೆಗೆದು ಪಕ್ಕಕ್ಕಿಡಿ. ತಲೆಯನ್ನು ಹುಲ್ಲಿನೊಳಗೆ ಹುದುಗಿಸಿ ಸ್ಟಾರ್ಟ್ ಮಾಡಬೇಡಿ. ಮೊದಲು ಗಾಳಿಯಲ್ಲಿ ಪೂರ್ತಿ ವೇಗಕ್ಕೆ ಬರಲಿ, ಆಮೇಲೆ ಹುಲ್ಲಿಗೆ ತಾಗಲಿ. ಇಲ್ಲವಾದರೆ ಮೋಟರ್ ಹೆಚ್ಚು ವಿದ್ಯುತ್ ಎಳೆದು, ಬ್ಯಾಟರಿಯ ರಕ್ಷಣಾ ವ್ಯವಸ್ಥೆ ಯಂತ್ರವನ್ನೇ ನಿಲ್ಲಿಸುತ್ತದೆ. ‘ಕೆಟ್ಟಿದೆ’ ಎಂದು ವಾಪಸ್ ತರುವ ಎಷ್ಟೋ ಯಂತ್ರಗಳಿಗೆ ಆಗಿರುವುದು ಇಷ್ಟೇ.

ಬ್ಯಾಟರಿ ಯಂತ್ರದಿಂದ ಎಷ್ಟು ಕೆಲಸ ನಿರೀಕ್ಷಿಸಬಹುದು ಎಂಬ ಲೆಕ್ಕ ನೀವೇ ಹಾಕಿ. 36 ವೋಲ್ಟ್, 4 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 144 ವ್ಯಾಟ್ ಅವರ್ ಶಕ್ತಿ. ಯಂತ್ರ 400 ವ್ಯಾಟ್ ಎಳೆಯುತ್ತಿದ್ದರೆ ಇಪ್ಪತ್ತು ನಿಮಿಷ ಬಂದೀತು. ಮನೆಯಂಗಳ, ಹಿತ್ತಲು, ತರಕಾರಿ ಪಾತಿಗೆ ಧಾರಾಳ. ಎಕರೆಗಟ್ಟಲೆ ತೋಟಕ್ಕೆ ಒಂದು ಬ್ಯಾಟರಿ ಸಾಲದು. ಬಳಸಿ ಬಿಸಿಯಾದ ಬ್ಯಾಟರಿಯನ್ನು ಕೂಡಲೇ ಚಾರ್ಜಿಗೆ ಹಾಕಬೇಡಿ, ಆರಲು ಬಿಡಿ. ತಿಂಗಳುಗಟ್ಟಲೆ ಎತ್ತಿಡುವಾಗ ಅರ್ಧದಷ್ಟು ಚಾರ್ಜ್ ಇರಲಿ.

ವೈರಿನ ಯಂತ್ರವಾದರೆ ಪ್ಲಗ್ ಹಾಕುವ ಮೊದಲು ವೈರನ್ನು ಉದ್ದಕ್ಕೂ ಕೈಯಾಡಿಸಿ ನೋಡಿ, ಎಲ್ಲೂ ಕೊಯ್ದಿರಬಾರದು. ಹೊರಗೆ ಬಳಸುವ ಸಾಲಿಗೆ 30 ಮಿಲಿ ಆಂಪಿಯರ್ ವಿದ್ಯುತ್ ಸೋರಿದರೆ ಟ್ರಿಪ್ ಆಗುವ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ ಇರಲೇಬೇಕು. ಸಪೂರ ವೈರನ್ನು ತುಂಬ ದೂರ ಎಳೆದರೆ ವೋಲ್ಟೇಜ್ ಕುಸಿದು ಮೋಟರ್ ಕಾಯುತ್ತದೆ. ಮಳೆ ಬರುತ್ತಿರುವಾಗ, ಹುಲ್ಲು ಒದ್ದೆ ಇರುವಾಗ ವೈರಿನ ಯಂತ್ರ ಬೇಡವೇ ಬೇಡ. ನಮ್ಮ ಮಲೆನಾಡಿಗೆ ಅದು ಬೇಸಿಗೆಯ ಯಂತ್ರ ಅಷ್ಟೆ.

ಯಾವ ಯಂತ್ರವೇ ಇರಲಿ, ಶುರು ಮಾಡುವ ಕ್ರಮದಲ್ಲಿ ಮೊದಲ ಹೆಜ್ಜೆ ಕಣ್ಣಿಗೆ ಕನ್ನಡಕ. ಹೆಗಲಿಗೆ ಏರಿಸಿದ ಮೇಲೆ ಹಾಕಿಕೊಳ್ಳುತ್ತೇನೆ ಎಂದರೆ ಮರೆತುಹೋಗುತ್ತದೆ. ಹುಲ್ಲಿನ ಚೂರು, ಸೊಪ್ಪಿನ ತುದಿ ಕಣ್ಣಿಗೆ ಬಡಿದು ಕಪ್ಪುಗುಡ್ಡೆಯಲ್ಲಿ ಶಿಲೀಂಧ್ರದ ಹುಣ್ಣಾಗುವುದು ಕೃಷಿ ಕೆಲಸದವರಲ್ಲಿ ಸಾಮಾನ್ಯ. ಅದು ದೃಷ್ಟಿಯನ್ನೇ ಕಳೆಯಬಲ್ಲದು. ಹಾಗೇನಾದರೂ ಬಡಿದರೆ ಉಜ್ಜಬೇಡಿ, ಮನೆಮದ್ದು ಹಾಕಬೇಡಿ, ಅಂಗಡಿಯಿಂದ ಕಣ್ಣಿನ ಹನಿ ತಂದು ಬಿಡಬೇಡಿ. ಸ್ಟಿರಾಯ್ಡ್ ಇರುವ ಹನಿಯಾದರೆ ಶಿಲೀಂಧ್ರ ಇನ್ನಷ್ಟು ಹಬ್ಬುತ್ತದೆ. ನೇರವಾಗಿ ಕಣ್ಣಿನ ವೈದ್ಯರ ಬಳಿ ಹೋಗಿ. ಮೊಣಕಾಲುದ್ದದ ಗಂಬೂಟು, ದಪ್ಪ ಬಟ್ಟೆ, ಕಿವಿಗೆ ರಕ್ಷಣೆ ಇರಲಿ. ಹಗ್ಗಕ್ಕೆ ಕೈ ಹಾಕುವ ಮೊದಲು ಸುತ್ತ 15 ಮೀಟರ್ ಒಳಗೆ ಮಕ್ಕಳು, ದನಕರು ಇಲ್ಲವೆಂದು ನೋಡಿಕೊಳ್ಳಿ.

ಕೊನೆಯದಾಗಿ ತೋಟದ ಯಜಮಾನರಿಗೆ ಒಂದು ಮಾತು. ನಮ್ಮಲ್ಲಿ ಯಂತ್ರ ಕೊಳ್ಳುವವರು ಒಬ್ಬರು, ಹೊಡೆಯುವವರು ಇನ್ನೊಬ್ಬರು. ಅಂಗಡಿಯವನು ಚೋಕ್ ತೋರಿಸಿದ್ದು ಕೊಂಡವರಿಗೆ, ಕೈಪಿಡಿ ಇರುವುದು ಅವರ ಬೀರುವಿನಲ್ಲಿ. ಬೆಳಿಗ್ಗೆ ಎಂಟು ಗಂಟೆಗೆ ತೋಟದಲ್ಲಿ ಹಗ್ಗ ಎಳೆಯುತ್ತಿರುವವರಿಗೆ ಇದಾವುದನ್ನೂ ಯಾರೂ ಹೇಳಿಲ್ಲ. ಯಂತ್ರ ಕೆಟ್ಟರೆ ಬೈಗುಳ ಮಾತ್ರ ಅವರ ಪಾಲಿಗೆ. ಹಂಗಾಮು ಶುರುವಾಗುವ ಮುನ್ನ ಅರ್ಧ ಗಂಟೆ ಅವರ ಜೊತೆ ಕೂತು, ತಣ್ಣಗಿರುವ ಯಂತ್ರವನ್ನು ಅವರ ಕೈಯಿಂದಲೇ ಶುರು ಮಾಡಿಸಿ, ಆ ‘ಬುರ್’ ಸದ್ದನ್ನು ಅವರ ಕಿವಿಗೆ ಗುರುತು ಮಾಡಿಸಿ. ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರದಿಂದ ತರುವವರೂ ಅಲ್ಲಿಯೇ ಒಮ್ಮೆ ಸ್ಟಾರ್ಟ್ ಮಾಡಿಸಿ, ಟೂ ಸ್ಟ್ರೋಕೋ ಫೋರ್ ಸ್ಟ್ರೋಕೋ, ಆಯಿಲ್ ಪ್ರಮಾಣ ಎಷ್ಟು ಎಂದು ಕೇಳಿ ಬರೆದುಕೊಂಡೇ ಹೊರಡಿ. ಹಾಗೆ ಮಾಡಿದರೆ ಮಳೆಗಾಲದ ಮೊದಲ ವಾರವನ್ನು ನೀವು ಮೆಕ್ಯಾನಿಕ್ ಅಂಗಡಿಯ ಬೆಂಚಿನ ಮೇಲೆ ಕಳೆಯಬೇಕಾಗುವುದಿಲ್ಲ.